ನೈಟ್‌ಗಳ ಪುಟ್ಟ ಸೈನ್ಯ: ಬಣ್ಣ ಎಲ್ಲಿಂದ ಶುರು ಮಾಡಲಿ, ಆಡುವುದು ಹೇಗೆ?

ಮೇಜಿನ ಮೇಲಿನ ಯುದ್ಧದಾಟಕ್ಕೆ 28 ಮಿಲಿಮೀಟರ್ ಅಳತೆಯ ನೈಟ್ ಗೊಂಬೆಗಳ, ಅಂದರೆ ಮಧ್ಯಯುಗದ ಯುರೋಪಿನ ಕವಚ ತೊಟ್ಟ ಕುದುರೆ ಸವಾರರ, ಡಬ್ಬಿ ತಂದಿಟ್ಟುಕೊಂಡಿದ್ದೀರಿ, ಬಣ್ಣ ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ಜೊತೆಗೆ, ಬರೀ ಕುದುರೆ ಸವಾರರನ್ನೇ ಇಟ್ಟುಕೊಂಡು ಆಡಿದರೆ ಗೆಲ್ಲಬಹುದಾ ಅಂತಲೂ ಕೇಳಿದ್ದೀರಿ. ಎರಡಕ್ಕೂ ಒಂದೇ ಮಾತಿನಿಂದ ಶುರು ಮಾಡುತ್ತೇನೆ. ನೈಟ್‌ಗಳದ್ದು ಸಮವಸ್ತ್ರದ ಸೈನ್ಯ ಅಲ್ಲ. ಒಬ್ಬೊಬ್ಬನ ಗುರಾಣಿಯ ಮೇಲೂ ಅವನವನ ಮನೆತನದ ಗುರುತು, ಒಬ್ಬೊಬ್ಬನಿಗೂ ಅವನವನ ಮಾನದ ಚಿಂತೆ. ಬಣ್ಣ ಹಚ್ಚುವಾಗ ಇದೇ ಖುಷಿ. ಆಡುವಾಗ ಇದೇ ತಲೆನೋವು.

ಬ್ರಶ್ ಹಿಡಿಯುವ ಮೊದಲು ಒಂದು ಇಸವಿ ಗೊತ್ತು ಮಾಡಿಕೊಳ್ಳಿ. ಮಧ್ಯಯುಗ ಅಂದರೆ ನೂರಾರು ವರ್ಷ, ಅಲ್ವಾ? 1302ರಲ್ಲಿ ಫ್ಲಾಂಡರ್ಸ್‌ನಲ್ಲಿ (ಇಂದಿನ ಬೆಲ್ಜಿಯಂ ಕಡೆಯ ನಾಡು) ನಡೆದ ಕೋರ್ತ್ರೈ ಕದನದ ಫ್ರೆಂಚ್ ನೈಟ್ ಬೇಕಾದರೆ, ಉಕ್ಕಿನ ಬಳೆಗಳ ಕವಚದ ಮೇಲೆ ಬಣ್ಣದ ನಿಲುವಂಗಿ, ಕುದುರೆಯ ಮೈಮೇಲೆ ಜೂಲು, ಅಂದರೆ ಮೈ ಮುಚ್ಚುವ ಬಣ್ಣದ ಬಟ್ಟೆ. 1450ರ ನಂತರದವನಾದರೆ ಹೆಚ್ಚುಕಡಿಮೆ ಅಡಿಯಿಂದ ಮುಡಿಯವರೆಗೆ ಬರೀ ಉಕ್ಕು. 1415ರಲ್ಲಿ ಇಂಗ್ಲಿಷರ ಎದುರು ನಡೆದ ಅಜಿಂಕೂರ್ ಕದನ ಆದರೆ ಕಥೆಯೇ ಬೇರೆ. ಅಲ್ಲಿ ಫ್ರೆಂಚ್ ನೈಟ್‌ಗಳಲ್ಲಿ ಹೆಚ್ಚಿನವರು ಕುದುರೆ ಇಳಿದು, ಉತ್ತ ಹೊಲದ ಕೆಸರಿನಲ್ಲಿ ನಡೆದೇ ಹೋದರು. ಆ ಕದನಕ್ಕೆ ಸವಾರರಿಗಿಂತ ನಿಂತ ಗೊಂಬೆಗಳೇ ಜಾಸ್ತಿ ಬೇಕು. ಬಣ್ಣದ ಆಸೆಯಿಂದ ಈ ಹವ್ಯಾಸಕ್ಕೆ ಬಂದವರಿಗೆ ನಾನು 1300ರ ಆಸುಪಾಸನ್ನೇ ಹೇಳುತ್ತೇನೆ. ನನ್ನ ಸೈನ್ಯವೂ ಅದೇ ಕಾಲದ್ದು.

ಈಗ ಕೆಲಸಕ್ಕೆ ಬರೋಣ. ಕುದುರೆ, ಸವಾರ, ಗುರಾಣಿ ಮೂರನ್ನೂ ಬೇರೆ ಬೇರೆಯಾಗಿ ಹಚ್ಚಿ, ಆಮೇಲೆ ಅಂಟಿಸಿ. ಮೊದಲೇ ಅಂಟಿಸಿಬಿಟ್ಟರೆ ಸವಾರನ ಕಾಲಿನ ಹಿಂದೆ ಬ್ರಶ್ ಹೋಗುವುದಿಲ್ಲ. ಕುದುರೆಗಳನ್ನು ಮತ್ತು ಉಕ್ಕನ್ನು ಗುಂಪಾಗಿ ಮುಗಿಸಬಹುದು. ಕಪ್ಪು ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಬಳಿಯುವ ಪದರ), ಅದರ ಮೇಲೆ ಬೆಳ್ಳಿ ಬಣ್ಣದ ಡ್ರೈಬ್ರಶ್ (ಬಣ್ಣ ಒರೆಸಿದ ಒಣ ಬ್ರಶ್ಶಿನಿಂದ ಉಬ್ಬುಗಳ ಮೇಲೆ ಸವರುವುದು), ಮೇಲೆ ತೆಳ್ಳಗಿನ ಕಪ್ಪು ವಾಶ್ (ಸಂದುಗಳಿಗೆ ಇಳಿಯುವ ನೀರು ಬಣ್ಣ). ಬಳೆ ಕವಚ ತಾನಾಗಿಯೇ ಎದ್ದು ಬರುತ್ತದೆ. ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ನಿಮ್ಮ ಹೊತ್ತು ಗುರಾಣಿಗೂ ಜೂಲಿಗೂ ಸಲ್ಲಬೇಕು.

ಅಲ್ಲಿ ಒಬ್ಬೊಬ್ಬನನ್ನೂ ಒಬ್ಬ ಮನುಷ್ಯ ಅಂತ ನೋಡಿ. ಲಾಂಛನಗಳಿಗೆ ಹಳೆಯ ಒಂದು ನಿಯಮ ಇದೆ. ಚಿನ್ನ ಮತ್ತು ಬೆಳ್ಳಿ, ಅಂದರೆ ಹಳದಿ ಮತ್ತು ಬಿಳಿ, ಒಂದು ಗುಂಪು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇನ್ನೊಂದು ಗುಂಪು. ಒಂದೇ ಗುಂಪಿನ ಬಣ್ಣದ ಮೇಲೆ ಅದೇ ಗುಂಪಿನ ಇನ್ನೊಂದನ್ನು ಇಡುವಂತಿಲ್ಲ. ನೀಲಿಯ ಮೇಲೆ ಕೆಂಪು ಸಿಂಹ ಸಲ್ಲದು, ಹಳದಿಯ ಮೇಲೆ ಕಪ್ಪು ಸಿಂಹ ಸಲ್ಲುತ್ತದೆ. ಈ ಎರಡನೆಯದು ಫ್ಲಾಂಡರ್ಸ್‌ನ ಲಾಂಛನವೇ. ದೂರದಿಂದಲೇ ಗುರುತು ಸಿಗಲಿ ಅಂತ ಮಾಡಿಕೊಂಡ ಈ ನಿಯಮ ಮೂರಡಿ ದೂರದ ಆಟದ ಮೇಜಿನ ಮೇಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನೀವೇ ಲಾಂಛನ ಕಲ್ಪಿಸಿಕೊಂಡರೂ ಇದನ್ನು ಬಿಡಬೇಡಿ.

ಗುರುತು ಅಂದರೆ ಪ್ರಾಣದ ಪ್ರಶ್ನೆಯೂ ಆಗಿತ್ತು. 1314ರ ಬ್ಯಾನಕ್‌ಬರ್ನ್ ಕದನದಲ್ಲಿ ಸ್ಕಾಟರ ಎದುರು ಇಂಗ್ಲಿಷ್ ಸರದಾರ, ಗ್ಲಾಸ್ಟರ್‌ನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್ ಲಾಂಛನದ ನಿಲುವಂಗಿ ತೊಡದೆ ನುಗ್ಗಿದ, ಗುರುತು ಸಿಗದೆ ಸತ್ತ ಎಂಬ ಮಾತಿದೆ. ಗುರುತು ಸಿಕ್ಕಿದ್ದರೆ ಸೆರೆ ಹಿಡಿದು ಒತ್ತೆಹಣ ಕೇಳುತ್ತಿದ್ದರು. ಅವನ ಮನೆತನದ್ದು ಹಳದಿಯ ಮೇಲೆ ಮೂರು ಕೆಂಪು ಪಟ್ಟಿ, ಒಂದೊಂದೂ ಮನೆಯ ಸೂರಿನ ಹಾಗೆ ಮಧ್ಯದಲ್ಲಿ ಮೇಲಕ್ಕೆ ಚೂಪಾದದ್ದು. ನಾನು ಮೊದಲು ಹಚ್ಚಿದ್ದು ಅದನ್ನೇ. ಹಳದಿ ನೇರ ಹಚ್ಚಿದರೆ ಕೂರುವುದಿಲ್ಲ, ಕೆಳಗಿನ ಕಪ್ಪು ಇಣುಕುತ್ತದೆ. ಮೊದಲು ತಿಳಿ ಕಂದು, ಒಣಗಿದ ಮೇಲೆ ಹಳದಿಯ ಎರಡು ತೆಳು ಪದರ. ಪಟ್ಟಿ ಎಳೆಯುವಾಗ ಮೂರರ ತುದಿಗೂ ಮೊದಲು ಒಂದೊಂದು ಚುಕ್ಕಿ ಇಡಿ, ಅಂಚಿನಲ್ಲಿ ಎರಡೆರಡು ಚುಕ್ಕಿ, ಆಮೇಲೆ ಸೇರಿಸಿ. ಗೆರೆ ದಪ್ಪ ಆಯಿತಾ? ಹೆದರಬೇಡಿ. ಪಕ್ಕದಿಂದ ಹಳದಿ ತಂದು ಕೆಂಪನ್ನು ಸವರಿ ಸಣ್ಣ ಮಾಡಿ. ಗುರಾಣಿ ಚೂಪಾಗಿ ಕಾಣುವುದು ಹೀಗೆ ಎರಡೂ ಕಡೆಯಿಂದ ತಿದ್ದಿದಾಗಲೇ. ಸಿಂಹ, ಹದ್ದು ಎಲ್ಲ ಕೈ ಕುದುರಿದ ಮೇಲೆ ಇರಲಿ. ಪಟ್ಟಿ, ಶಿಲುಬೆ, ಚೌಕಳಿಗಳಿಂದಲೇ ಒಂದು ಸೈನ್ಯ ತುಂಬುತ್ತದೆ.

ವಾರ್ನಿಶ್ ಬಗ್ಗೆ ಒಂದು ಮಾತು, ನಾನು ನೊಂದು ಕಲಿತದ್ದು. ಮಳೆ ಹಿಡಿದ ದಿನ ಆರು ಸವಾರರಿಗೆ ಸ್ಪ್ರೇ ವಾರ್ನಿಶ್ ಹೊಡೆದೆ. ಅರ್ಧ ಗಂಟೆಯಲ್ಲಿ ಎಲ್ಲರ ಮೇಲೂ ಬೂದಿ ಬಳಿದ ಹಾಗೆ ಬಿಳಿ ಮಬ್ಬು. ಎರಡು ತಿಂಗಳ ಕೆಲಸ, ಅಳುವೇ ಬಂತು. ಹೊಳಪಿನ ವಾರ್ನಿಶ್ ಅನ್ನು ಬ್ರಶ್‌ನಲ್ಲಿ ತೆಳ್ಳಗೆ ಹಚ್ಚಿದಾಗ ಬಹುಪಾಲು ಬಣ್ಣ ಮರಳಿತು, ಒಂದು ಕುದುರೆ ಮಾತ್ರ ಇವತ್ತಿಗೂ ಮಂಕು. ಗಾಳಿಯಲ್ಲಿ ತೇವ ಇದ್ದರೆ ಸ್ಪ್ರೇ ಮುಟ್ಟಲೇಬೇಡಿ.

ಆಟಕ್ಕೆ ಬಂದರೆ, ಶುರುವಿಗೆ ಲಯನ್ ರ್ಯಾಂಪಂಟ್ ಎಂಬ ಮಧ್ಯಯುಗದ ಯುದ್ಧದಾಟದ ನಿಯಮಗಳು ಸಾಕು. ಒಂದು ಕಡೆಗೆ ತುಕಡಿ ಆರಿಸಿಕೊಳ್ಳಲು 24 ಅಂಕ. ಆರು ನೈಟ್ ಸವಾರರ ಒಂದು ತುಕಡಿಗೆ 6 ಅಂಕ, ಹನ್ನೆರಡು ಬಿಲ್ಲುಗಾರರಿಗೆ 4. ಬರೀ ನೈಟ್‌ಗಳನ್ನೇ ತಗೊಂಡರೆ ನಾಲ್ಕು ತುಕಡಿ, 24 ಗೊಂಬೆ. ನೋಡಲು ಕಣ್ಣಿಗೆ ಹಬ್ಬ, ಗೆಲ್ಲುವುದು ಕಷ್ಟ. ಯಾಕೆಂದರೆ ಈ ಆಟದಲ್ಲಿ ಶತ್ರು ಹತ್ತಿರ ಸಿಕ್ಕರೆ ನೈಟ್‌ಗಳು ನಿಮ್ಮ ಮಾತಿಗೆ ಕಾಯುವುದಿಲ್ಲ. ನುಗ್ಗುತ್ತಾರಾ ಇಲ್ಲವಾ ಅಂತ ದಾಳ ಹಾಕಲೇಬೇಕು. ಇದು ಸುಮ್ನೆ ಕಟ್ಟಿದ ನಿಯಮ ಅಲ್ಲ. 1346ರ ಕ್ರೆಸಿ ಕದನದಲ್ಲಿ ಫ್ರೆಂಚ್ ನೈಟ್‌ಗಳು ತಮ್ಮ ಪರವಾಗಿಯೇ ಬಂದಿದ್ದ ಇಟಲಿಯ ಜಿನೋವಾದ ಅಡ್ಡಬಿಲ್ಲುಗಾರರನ್ನು ತುಳಿದುಕೊಂಡು ಮುಂದೆ ನುಗ್ಗಿದರು. ಕೋರ್ತ್ರೈನಲ್ಲಿ ಹಳ್ಳ ದಾಟಿ ಫ್ಲಾಂಡರ್ಸ್‌ನ ಊರಿನ ಕಾಲಾಳುಗಳ ಮೇಲೆ ಬಿದ್ದು ಸೋತರು. ಸತ್ತ ನೈಟ್‌ಗಳ ಕಾಲಿಂದ ಬಿಚ್ಚಿದ, ಕುದುರೆಯನ್ನು ತಿವಿಯುವ ಚಿನ್ನದ ಹಿಮ್ಮಡಿ ಮುಳ್ಳುಗಳನ್ನು ಗೆದ್ದವರು ಚರ್ಚಿನಲ್ಲಿ ತೂಗುಹಾಕಿದರು.

ಹಾಗಾಗಿ ಎರಡು ತುಕಡಿ ನೈಟ್, ತಲಾ 4 ಅಂಕದ ಎರಡು ತುಕಡಿ ಕಾಲಾಳು, ಒಂದು ತುಕಡಿ ಬಿಲ್ಲುಗಾರರು. ಸರಿಯಾಗಿ 24 ಅಂಕ. ಕಾಲಾಳುಗಳ ಬಟ್ಟೆ ಮಾಸಲು ಬಣ್ಣದಲ್ಲೇ ಇರಲಿ, ನೈಟ್‌ಗಳ ಬಣ್ಣ ಅವರ ಮಧ್ಯೆ ಉರಿಯುತ್ತದೆ. ಮೇಜಿನ ಮೇಲೆ ನೈಟ್‌ಗಳನ್ನು ಕಾಲಾಳುಗಳ ಹಿಂದೆ, ಶತ್ರುವಿಗೆ ನುಗ್ಗುವಷ್ಟು ಹತ್ತಿರ ಬಾರದ ಹಾಗೆ ನಿಲ್ಲಿಸಿ. ಬಿಲ್ಲುಗಾರರು ಮೊದಲು ಎದುರಿನ ಸಾಲನ್ನು ತೆಳ್ಳಗೆ ಮಾಡಲಿ. ಆಮೇಲೆ ಒಂದು ತುಕಡಿಯನ್ನು ಮಾತ್ರ ಬಿಡಿ. ಎರಡನೆಯದರ ಲಗಾಮು, ಮೊದಲನೆಯದು ಏನಾಯಿತು ಅಂತ ಕಾಣುವವರೆಗೂ ನಿಮ್ಮ ಕೈಯಲ್ಲೇ ಇರಲಿ.