ಅಕ್ಕನ ಮಗಳನ್ನು ಮದುವೆಯಾದವರ ಎರಡನೇ ಬಸಿರು: ಒಂದು ಥಲಸ್ಸೀಮಿಯಾ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಚಿಂತಾಮಣಿ ಕಡೆಯ ದಂಪತಿ. ಹೆಂಡತಿ ಗಂಡನ ಸ್ವಂತ ಅಕ್ಕನ ಮಗಳು. ಮೊದಲ ಗಂಡುಮಗುವಿಗೆ 2 ವರ್ಷ, ಥಲಸ್ಸೀಮಿಯಾ (ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶವಾಹಿ ಕಾಯಿಲೆ) ಇದೆ, ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಾರೆ. ಈಗ ಮತ್ತೆ 8 ವಾರದ ಬಸಿರು. ಜೊತೆಗೆ ಬಂದಿದ್ದ ಅಜ್ಜಿ ಗಂಡನಿಗೆ ತಾಯಿ, ಹೆಂಡತಿಗೆ ತಾಯಿಯ ತಾಯಿ. ಮಾತು ಶುರು ಮಾಡಿದ್ದೂ ಅವರೇ: "ನಾಲ್ಕರಲ್ಲಿ ಒಂದಕ್ಕೆ ಬರುತ್ತೆ ಅಂದ್ರು ಮೇಡಂ. ಒಂದಕ್ಕೆ ಬಂದಾಯ್ತಲ್ಲ, ಇನ್ನು ಮೂರು ಮಕ್ಕಳಿಗೆ ಭಯ ಇಲ್ಲ ತಾನೆ?"

ಅದಕ್ಕೆ ಉತ್ತರಿಸುವ ಮೊದಲು ಕಡತ ನೋಡಬೇಕಿತ್ತು. ಆರು ತಿಂಗಳಿಗೇ ಮಗು ಬಿಳಿಚಿಕೊಂಡಿತ್ತು. ಬಹಳ ದಿನ ಕಬ್ಬಿಣದ ಟಾನಿಕ್ ಕುಡಿಸಿದ್ದರು. ಹಿಮೋಗ್ಲೋಬಿನ್ 4.6ಕ್ಕೆ ಇಳಿದಾಗ ತುರ್ತಾಗಿ ರಕ್ತ ಕೊಟ್ಟು, ಆಮೇಲೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ಕಳಿಸಿದ್ದರು. ದಾನಿಯ ರಕ್ತ ಬೆರೆತಿದ್ದರಿಂದ ವರದಿ ಗೊಂದಲವಾಯಿತು. ಮಾದರಿಯನ್ನು ರಕ್ತ ಹಾಕುವ ಮೊದಲೇ ತೆಗೆದಿಡಬೇಕು. ಅದು ತಪ್ಪಿಹೋಗಿದ್ದರೆ ತಂದೆತಾಯಿಯ ರಕ್ತ ನೋಡುವುದೇ ದಾರಿ.

ತಂದೆಯ ಹಿಮೋಗ್ಲೋಬಿನ್ ಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಶೇ. 5.3. ಶೇ. 3.5 ದಾಟಿದರೆ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾ ವಾಹಕರೆಂದು, ಅಂದರೆ ಕಾಯಿಲೆ ಇಲ್ಲದಿದ್ದರೂ ಜೀನಿನ ಒಂದು ಪ್ರತಿಯಲ್ಲಿ ದೋಷ ಹೊತ್ತವರೆಂದು ಲೆಕ್ಕ. ತಾಯಿಯದು 3.4, ವರದಿಯಲ್ಲಿ "ಸಾಮಾನ್ಯ" ಎಂದು ಬರೆದಿತ್ತು. ಇಲ್ಲಿಯೇ ಎಡವಟ್ಟಾಗಿದ್ದು. ಆಕೆಯ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಬರೀ 7. ಕಬ್ಬಿಣದ ಕೊರತೆ ಇದ್ದರೆ ಎ2 ಪ್ರಮಾಣ ಇಳಿಯುತ್ತದೆ, ವಾಹಕತ್ವ ಮುಚ್ಚಿಹೋಗುತ್ತದೆ. ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 62ಕ್ಕೆ ಇಳಿದಿದ್ದರೂ ಕೆಂಪು ರಕ್ತಕಣಗಳ ಎಣಿಕೆ 56 ಲಕ್ಷವಿತ್ತು. ಬರೀ ಕಬ್ಬಿಣದ ಕೊರತೆಯಲ್ಲಿ ಎಣಿಕೆ ಇಷ್ಟು ಇರುವುದು ಅಪರೂಪ. ಬಸಿರಿಲ್ಲದಿದ್ದರೆ ಮೂರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟು ಮತ್ತೆ ನೋಡಬಹುದಿತ್ತು. 8ನೇ ವಾರದಲ್ಲಿ ಆ ಪುರುಸೊತ್ತಿಲ್ಲ. ಮೂವರ ರಕ್ತವನ್ನೂ ನೇರವಾಗಿ ಜೀನ್ ಪರೀಕ್ಷೆಗೆ ಕಳಿಸಲಾಯಿತು. ಗಂಡ ಹೆಂಡತಿ ಇಬ್ಬರಲ್ಲೂ ಬೀಟಾ ಗ್ಲೋಬಿನ್ ಜೀನಿನ ಒಂದು ಪ್ರತಿಯಲ್ಲಿ ಒಂದೇ ದೋಷ ಇತ್ತು. ಮಗುವಿನಲ್ಲಿ ಎರಡೂ ಪ್ರತಿ ಕೆಟ್ಟಿದ್ದವು.

ಅಜ್ಜಿಯ ಪ್ರಶ್ನೆಗೆ ಎರಡು ಲೋಟ ತರಿಸಿದೆವು. ಒಂದೊಂದರಲ್ಲೂ ಎರಡು ಚೀಟಿ: ಒಂದು ಖಾಲಿ, ಒಂದಕ್ಕೆ ಕೆಂಪು ಗೆರೆ. ಎರಡೂ ಲೋಟದಿಂದ ಒಂದೊಂದು ಚೀಟಿ ಎತ್ತಿದರೆ ಅದೊಂದು ಮಗು. ಎರಡೂ ಕೆಂಪಾದರೆ ಕಾಯಿಲೆ, ಒಂದು ಕೆಂಪಾದರೆ ತಂದೆತಾಯಿಯ ಹಾಗೆ ಬರೀ ವಾಹಕ, ಎರಡೂ ಖಾಲಿಯಾದರೆ ಏನೂ ಇಲ್ಲ. ಎತ್ತಿದ ಚೀಟಿಯನ್ನು ಮತ್ತೆ ಲೋಟಕ್ಕೇ ಹಾಕಬೇಕು. ಅಜ್ಜಿಯ ಕೈಗೆ ಮೊದಲ ಸಲ ಎರಡೂ ಕೆಂಪು ಬಂದವು, ಎರಡನೇ ಸಲವೂ ಅವೇ ಬಂದವು. ಪ್ರತಿ ಬಸಿರಿಗೂ ಲೆಕ್ಕ ಹೊಸದು: ಕಾಯಿಲೆ ಶೇ. 25, ವಾಹಕ ಶೇ. 50, ಎರಡೂ ಇಲ್ಲದ್ದು ಶೇ. 25. ಹೆಣ್ಣಾದರೂ ಗಂಡಾದರೂ ಇದೇ ಲೆಕ್ಕ.

"ಸಂಬಂಧದಲ್ಲಿ ತಂದುಕೊಂಡಿದ್ದೇ ತಪ್ಪಾಯ್ತಾ?" ಎಂದು ಗಂಡ ಕೇಳಿದರು. ಸೋದರಸಂಬಂಧ ದೋಷವನ್ನು ಹುಟ್ಟಿಸುವುದಿಲ್ಲ. ಒಂದೇ ಮೂಲದಿಂದ ಹರಿದು ಬಂದ, ಯಾರಿಗೂ ಕಾಣದ ದೋಷ ಎರಡೂ ಕಡೆಯಿಂದ ಒಂದೇ ಮಗುವಿನಲ್ಲಿ ಕೂಡುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಇಲ್ಲಿ ಅದು ಅಜ್ಜಿಯಿಂದಲೋ ತೀರಿಕೊಂಡ ತಾತನಿಂದಲೋ ಬಂದಿರುವ ಸಂಭವವೇ ಹೆಚ್ಚು. ತಾತ ಒಬ್ಬರೇ ವಾಹಕರಾಗಿದ್ದರು ಎನ್ನಿ: ಮಗ ವಾಹಕನಾಗುವ ಸಂಭವ 1/2, ಮಗಳ ಮಗಳಿಗೆ 1/4. ಅವರಿಬ್ಬರೂ ವಾಹಕರಾಗಿ ಮಗುವಿಗೆ ಕಾಯಿಲೆ ಬರುವ ಸಂಭವ 1/32. ಇಬ್ಬರೂ ವಾಹಕರೆಂದು ಖಚಿತವಾದ ಮೇಲೆ ಅದು 1/4. ಅಜ್ಜಿಯ ರಕ್ತ ನೋಡಿಸಲು ಹೇಳಿದ್ದು ತಪ್ಪು ಹೊರಿಸಲಿಕ್ಕಲ್ಲ, ಅವರ ತವರಿನವರಿಗೆ ಹೇಳಬೇಕೋ ತಾತನ ಕಡೆಯವರಿಗೋ ಎಂದು ತಿಳಿಯಲು.

ಈ ಬಸಿರಿಗೆ ಕೊಟ್ಟ ಸಲಹೆ: 11ರಿಂದ 13ನೇ ವಾರದೊಳಗೆ ಬೆಂಗಳೂರಿನಲ್ಲಿ ಜರಾಯುವಿನ ಚೂರು ತೆಗೆಸಿ ಪರೀಕ್ಷೆ. ತಂದೆತಾಯಿಯ ದೋಷ ಯಾವುದೆಂದು ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಪ್ರಯೋಗಾಲಯ ಏನನ್ನು ಹುಡುಕಬೇಕೆಂದೇ ತಿಳಿಯದೆ ವಾರಗಳು ಹೋಗುತ್ತವೆ. ಚೂರಿನಲ್ಲಿ ತಾಯಿಯ ಜೀವಕೋಶ ಬೆರೆತಿಲ್ಲವೆಂದು ಪ್ರಯೋಗಾಲಯ ಖಚಿತಪಡಿಸಿಕೊಳ್ಳಬೇಕು. ಬೆರೆತರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಗರ್ಭಪಾತದ ಸಣ್ಣ ಅಪಾಯ ಇದೆ ಎಂಬುದನ್ನೂ ಮುಚ್ಚಿಡಲಿಲ್ಲ. 13 ವಾರ ದಾಟಿಬಿಟ್ಟರೆ 16ನೇ ವಾರದ ಹೊತ್ತಿಗೆ ಗರ್ಭದ ನೀರಿನ ಪರೀಕ್ಷೆ ಮಾಡಿಸಬಹುದು, ಆದರೆ ನಿರ್ಧಾರಕ್ಕೆ ಸಮಯ ಕಡಿಮೆ. ಮಗು ಹೆಣ್ಣೋ ಗಂಡೋ ಎಂದು ಯಾರೂ ಹೇಳುವಂತಿಲ್ಲ, ಕೇಳುವಂತಿಲ್ಲ. 1994ರ ಕಾಯ್ದೆ ಅದನ್ನು ನಿಷೇಧಿಸಿದೆ. ಫಲಿತಾಂಶ ಏನೇ ಬರಲಿ, ಬಸಿರು ಮುಂದುವರಿಸುವುದೋ ಬೇಡವೋ ಎಂಬುದು ಆಕೆಯ ನಿರ್ಧಾರ. ಈ ಮಾತನ್ನು ಅಜ್ಜಿಯನ್ನು ಹೊರಗೆ ಕೂರಿಸಿ, ಆಕೆಯೊಬ್ಬಳಿಗೇ ಇನ್ನೊಮ್ಮೆ ಹೇಳಿದೆವು.

ಫಲಿತಾಂಶ ಬಂತು: ಮಗು ವಾಹಕ. ಬಸಿರು ಮುಂದುವರಿಯಿತು.

ದೊಡ್ಡ ಮಗುವಿಗೆ ಪ್ರತಿ ಸಲ ರಕ್ತ ಹಾಕುವ ಮುಂಚಿನ ಹಿಮೋಗ್ಲೋಬಿನ್ 9.5ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಫೆರಿಟಿನ್ ಪರೀಕ್ಷೆ. ಅದು 1000 ದಾಟಿದರೆ, ರಕ್ತ ಹಾಕಿ ಹಾಕಿ ಮೈಯಲ್ಲಿ ಸೇರಿದ ಕಬ್ಬಿಣ ಹೊರಹಾಕುವ ಔಷಧಿ. ಕಬ್ಬಿಣದ ಟಾನಿಕ್ ಪೂರ್ತಿ ಬಂದ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಥಲಸ್ಸೀಮಿಯಾ ಇರುವುದರಿಂದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹೇಳಿದೆವು.

ಹೆಂಡತಿಯ ತಮ್ಮನಿಗೂ ಸಂಬಂಧದಲ್ಲೇ ಹೆಣ್ಣು ಗೊತ್ತಾಗಿದೆ. ಅವನ ತಾಯಿ ವಾಹಕರಾಗಿದ್ದರೆ ಅವನೂ ವಾಹಕನಾಗಿರುವ ಸಂಭವ ಅರ್ಧಕ್ಕರ್ಧ. ನಿಶ್ಚಿತಾರ್ಥಕ್ಕೆ ಮುಂಚೆ ಅವನ ರಕ್ತಕಣಗಳ ಎಣಿಕೆ ಮತ್ತು ಎಚ್‌ಪಿಎಲ್‌ಸಿ ಆಗಬೇಕು. ಅವನಲ್ಲಿ ದೋಷ ಇಲ್ಲವೆಂದರೆ ಈ ಕಾಯಿಲೆಯ ಮಟ್ಟಿಗೆ ಯಾರನ್ನಾದರೂ ಮದುವೆಯಾಗಬಹುದು. ಇದ್ದರೆ ಹುಡುಗಿಯ ರಕ್ತವನ್ನೂ ನೋಡಿಸಬೇಕು, ಆಕೆಯ ಫೆರಿಟಿನ್ ಜೊತೆಗೇ.