ಘಾಟಿಯಲ್ಲಿ ಮೊರೆಯುವ ಫ್ಯಾನು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಉಡುಪಿಯಲ್ಲಿ ಹಳೆಯ ಡೀಸೆಲ್ ಟೆಂಪೋ ಟ್ರಾವೆಲರ್ ಕೊಂಡು, ಒಳಗೆ ಮಂಚ, ಅಡುಗೆಕಟ್ಟೆ ಕೂರಿಸಿ ಮನೆಮಂದಿಯೊಂದಿಗೆ ಊರೂರು ಸುತ್ತಲು ಹೊರಟಿದ್ದೀರಿ. ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಎಂಜಿನ್ ತಣಿಸುವ ಫ್ಯಾನು ಒಂದು ನಿಮಿಷ ಮೊರೆದು ಸುಮ್ಮನಾಗುತ್ತದೆ. ಉಡುಪಿ ಪೇಟೆಯ ಕಲ್ಸಂಕದ ದಟ್ಟಣೆಯಲ್ಲಿ ಎಷ್ಟು ಹೊತ್ತು ನಿಂತರೂ ಸದ್ದಿಲ್ಲ. ಆಗುಂಬೆ ಘಾಟಿಯ ನಡುವೆ ಮಾತ್ರ ಲಾರಿಯ ಹಾಗೆ ಅಬ್ಬರಿಸುತ್ತದೆ, ಆಗಲೂ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕದಲುವುದಿಲ್ಲ. ಗೆಳೆಯರ ಹೊಸ ವ್ಯಾನಿನ ಫ್ಯಾನು ಕೀಲಿ ತೆಗೆದ ಮೇಲೂ ತಿರುಗುತ್ತದೆ, ನಿಮ್ಮದು ನಿಂತುಬಿಡುತ್ತದೆ. ಫ್ಯಾನನ್ನೇ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳಿದ್ದಾರೆ.

ಈಗಲೇ ಬದಲಿಸಬೇಡಿ. ನೀವು ಬರೆದ ಲಕ್ಷಣಗಳೆಲ್ಲ ಫ್ಯಾನು ನೆಟ್ಟಗಿದೆ ಎನ್ನುವುದಕ್ಕೇ ಸಾಕ್ಷಿ.

ನಿಮ್ಮ ಗಾಡಿಯಲ್ಲಿರುವುದು ವಿಸ್ಕಸ್ ಫ್ಯಾನು. ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ, ಆದರೆ ಎಂಜಿನ್‌ಗೂ ಫ್ಯಾನಿಗೂ ಬಿಗಿಯಾದ ನಂಟಿಲ್ಲ. ನಡುವೆ ತಟ್ಟೆಯಂಥ ಒಂದು ಕ್ಲಚ್, ಅದರೊಳಗೆ ಮಂದವಾದ ಸಿಲಿಕೋನ್ ಎಣ್ಣೆ. ಕ್ಲಚ್ಚಿನ ಮುಖದ ಮೇಲೆ ಎರಡು ಲೋಹ ಬೆಸೆದ ಸಣ್ಣ ಪಟ್ಟಿಯೊಂದು ಸುರುಳಿ ಸುತ್ತಿಕೊಂಡಿರುತ್ತದೆ. ಎಂಜಿನ್ನಿನ ಬಿಸಿನೀರನ್ನು ತಣಿಸುವ ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಆ ಸುರುಳಿ ತಿರುಚಿಕೊಂಡು ಒಳಗಿನ ಕಿಂಡಿಯನ್ನು ತೆರೆಯುತ್ತದೆ. ಎಣ್ಣೆ ಹರಿದು ಫ್ಯಾನನ್ನು ಹಿಡಿದುಕೊಳ್ಳುತ್ತದೆ, ಆಗ ಆ ಮೊರೆತ. ಗಾಳಿ ತಣಿದರೆ ಕಿಂಡಿ ಮುಚ್ಚಿ, ಎಣ್ಣೆ ಹಿಂದಕ್ಕೆ ಹೋಗಿ, ಹಿಡಿತ ಸಡಿಲವಾಗುತ್ತದೆ. ಅಂದರೆ ಈ ಫ್ಯಾನಿಗೆ ಮುಳ್ಳಿನ ಲೆಕ್ಕ ಗೊತ್ತಿಲ್ಲ, ಗಾಳಿಯ ಬಿಸಿಯೊಂದೇ ಗೊತ್ತು. ಘಾಟಿ ಹತ್ತಲು ಶುರುಮಾಡಿದ ತಕ್ಷಣ ಅದು ಕೂಗದೆ ನಾಲ್ಕೈದು ತಿರುವು ಕಳೆದ ಮೇಲೆ ಕೂಗುವುದು ಇದರಿಂದಲೇ.

ಬೆಳಗಿನ ಮೊರೆತಕ್ಕೂ ಇದೇ ಎಣ್ಣೆ ಕಾರಣ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆ ಇಳಿದು ಹಿಡಿತದ ಜಾಗದಲ್ಲಿ ಸೇರಿಕೊಂಡಿರುತ್ತದೆ. ಎಂಜಿನ್ ಚಾಲೂ ಆಗಿ ಅದನ್ನು ಅದರ ಜಾಗಕ್ಕೆ ಎಸೆಯುವ ತನಕ ಸದ್ದು ಇರುತ್ತದೆ.

ಕಲ್ಸಂಕದ ಮೌನಕ್ಕೆ ಉತ್ತರ ಡೀಸೆಲ್ ಎಂಜಿನ್‌ನ ಸ್ವಭಾವದಲ್ಲಿದೆ. ಸುಮ್ಮನೆ ನಿಂತು ಓಡುವಾಗ ಅದು ಸುಡುವ ಇಂಧನ ತೀರಾ ಕಡಿಮೆ, ಹಾಗಾಗಿ ಬಿಸಿಯೂ ಕಡಿಮೆ. ಹೆದ್ದಾರಿ 66ರಲ್ಲಿ 80ರ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಆದರೆ ಸೋಮೇಶ್ವರ ದಾಟಿ ಆಗುಂಬೆಯ 14 ತಿರುವುಗಳನ್ನು ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿಯ ವೇಗ 20 ಕೂಡ ಇರುವುದಿಲ್ಲ, ಎದುರುಗಾಳಿ ಎಂಬುದೇ ಇಲ್ಲ. ನಿಮ್ಮ ಮಂಚ, ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರ್ ಎಲ್ಲದರ ಭಾರ ಬೇರೆ. ಅಲ್ಲಿ ಫ್ಯಾನು ಅಬ್ಬರಿಸದಿದ್ದರೆ ನಾನು ಹೆದರುತ್ತಿದ್ದೆ.

ಮುಳ್ಳನ್ನು ಪೂರ್ತಿ ನಂಬಬೇಡಿ. ಎಷ್ಟೋ ಗಾಡಿಗಳಲ್ಲಿ ಕೂಲೆಂಟಿನ (ಎಂಜಿನ್ ತಣಿಸಲು ಅದರೊಳಗೆ ಹರಿಯುವ ದ್ರವದ) ಬಿಸಿ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಕದಲುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಗೆಳೆಯರ ವ್ಯಾನಿನ ವಿಷಯ ಬೇರೆ. ಅವರದು ವಿದ್ಯುತ್ ಫ್ಯಾನು, ಬ್ಯಾಟರಿಯಿಂದ ಓಡುತ್ತದೆ, ಕೀಲಿ ತೆಗೆದ ಮೇಲೂ ಕಂಪ್ಯೂಟರ್ ಅದನ್ನು ಓಡಿಸಬಹುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮ) ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಸೋಸುಕ ಇರುತ್ತದೆ. ಆ ಮಸಿಯನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಆಗಾಗ ಸುಡಲಾಗುತ್ತದೆ. ಅದರ ನಡುವೆ ಎಂಜಿನ್ ಆರಿಸಿದರೆ ಫ್ಯಾನು ಹೊತ್ತು ಮೀರಿ ಓಡುವುದುಂಟು, ಸುಟ್ಟ ವಾಸನೆಯೂ ಬರಬಹುದು. ನಿಮ್ಮ ಫ್ಯಾನು ಎಂಜಿನ್ ನಿಂತರೆ ನಿಲ್ಲಲೇಬೇಕು. ಅದಕ್ಕಾಗಿಯೇ, ಘಾಟಿ ಹತ್ತಿ ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಂದೆರಡು ನಿಮಿಷ ಎಂಜಿನ್ ಓಡುತ್ತಿರಲಿ.

ನಾನು ಎಂಟು ವರ್ಷದಿಂದ ಸುರತ್ಕಲ್‌ನಲ್ಲಿ ಇಂಥದ್ದೇ ಗಾಡಿ ಇಟ್ಟುಕೊಂಡಿದ್ದೇನೆ. ಫ್ಯಾನಿನ ಸದ್ದಿಗಿಂತ ಸದ್ದಿನ ಅಭ್ಯಾಸ ಬದಲಾಗುವುದನ್ನು ಗಮನಿಸಬೇಕು ಎಂಬುದನ್ನು ನಾನು ಕಲಿತದ್ದು ಚಾರ್ಮಾಡಿ ಘಾಟಿಯಲ್ಲಿ. ಒಂದು ಮೇ ತಿಂಗಳಲ್ಲಿ ಅಮ್ಮನನ್ನು ಕೂರಿಸಿಕೊಂಡು ಚಿಕ್ಕಮಗಳೂರಿಗೆ ಹೊರಟಿದ್ದೆ. ಕೊಟ್ಟಿಗೆಹಾರದ ನೀರುದೋಸೆ ತಿನ್ನುವುದು ಅವರ ಆಸೆ. ಅರ್ಧ ದಾರಿಯಲ್ಲಿ ಮುಳ್ಳು ಮೇಲೇರಿತು. ಎಸಿ ಆರಿಸಿದೆ, ಎಂಜಿನ್ನಿನ ಬಿಸಿ ಒಂದಿಷ್ಟು ಒಳಗೆ ಬರಲಿ ಎಂದು ಹೀಟರನ್ನು ಪೂರ್ತಿ ತಿರುಗಿಸಿದೆ, ಅಗಲವಾದ ಜಾಗ ಸಿಕ್ಕಿದಲ್ಲಿ ನಿಲ್ಲಿಸಿದೆ. ಮರಳಿ ಬಂದ ಮೇಲೆ ಗ್ಯಾರೇಜಿನಲ್ಲಿ ಮೊದಲು ಕೂಲೆಂಟಿನ ಹರಿವನ್ನು ಹಿಡಿದು ಬಿಡುವ ಥರ್ಮೋಸ್ಟಾಟ್ ಬದಲಾಯಿತು, ಆಮೇಲೆ ವಾಟರ್ ಪಂಪ್. ಮುಂದಿನ ಘಾಟಿಯಲ್ಲಿ ಮತ್ತೆ ಅದೇ ಕಥೆ.

ಕೊನೆಗೆ ಒಂದು ಭಾನುವಾರ ನಾನೇ ಮುಂದಿನ ಗ್ರಿಲ್ ಬಿಚ್ಚಿದೆ. ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಹೊರಗಿನಿಂದ ಸ್ವಚ್ಛವಾಗಿತ್ತು. ಅದಕ್ಕೂ ಹಿಂದಿನ ರೇಡಿಯೇಟರಿಗೂ ನಡುವೆ ಎರಡು ಬೆರಳಿನಷ್ಟು ಸಂದು. ಟಾರ್ಚ್ ಹಿಡಿದು ನೋಡಿದರೆ ಕೆಂಪು ಧೂಳು, ಹಾತೆಗಳ ರೆಕ್ಕೆ, ಗಾಳಿಮರದ ಸೂಜಿಯೆಲೆ ಎಲ್ಲ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ತುದಿ ಹಿಡಿದು ಎಳೆದರೆ ಅಂಗೈ ಅಗಲದ ತುಂಡುಗಳಾಗಿ ಎದ್ದು ಬಂತು. ಕೆಳಗಿನ ಮೂಲೆಯಲ್ಲಿ ಅಲ್ಯೂಮಿನಿಯಂ ಎಸಳುಗಳು ಉಪ್ಪುಗಾಳಿಗೆ ಬಿಳಿ ಹುಡಿಯಾಗಿ ಬೆರಳಿಗೆ ಅಂಟಿದವು. ಆಗ ನೆನಪಾಯಿತು: ಅದಕ್ಕೂ ಹಿಂದಿನ ಮೂರು ತಿಂಗಳಿಂದ ಫ್ಯಾನು ಸಮತಟ್ಟಾದ ಹೆದ್ದಾರಿಯಲ್ಲೂ ಆಗಾಗ ಮೊರೆಯುತ್ತಿತ್ತು. ಗಾಳಿ ಸರಿಯಾಗಿ ದಾಟದೆ, ದಾಟಿದ್ದೆಲ್ಲ ಸುಡುಬಿಸಿಯಾಗಿ ಬರುತ್ತಿತ್ತು. ಫ್ಯಾನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು, ಕಿವಿಗೊಡಬೇಕಾದವನು ನಾನಾಗಿದ್ದೆ.

ನೀವೂ ಮಳೆಗಾಲ ಮುಗಿದ ಮೇಲೆ ಆ ಸಂದನ್ನು ಒಮ್ಮೆ ನೋಡಿ. ಸಣ್ಣ ಪೈಪಿನ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಬಿಟ್ಟರೆ ಸಾಕು. ಸರ್ವಿಸ್ ಸ್ಟೇಷನ್ನಿನ ರಭಸದ ನೀರು ಎಸಳುಗಳನ್ನು ಮಡಚಿಹಾಕುತ್ತದೆ.

ಕ್ಲಚ್ ಪರೀಕ್ಷೆ ಸುಲಭ. ಎಂಜಿನ್ ಆರಿ, ಪೂರ್ತಿ ತಣಿದು, ಕೀಲಿ ನಿಮ್ಮ ಜೇಬಿನಲ್ಲಿರುವಾಗ ಫ್ಯಾನನ್ನು ಕೈಯಿಂದ ತಿರುಗಿಸಿ. ಜೇನಿನಲ್ಲಿ ಚಮಚ ತಿರುಗಿಸಿದ ಹಾಗೆ ಸ್ವಲ್ಪ ತಡೆದು ನಿಲ್ಲಬೇಕು. ಬುಗುರಿಯಂತೆ ಸುತ್ತಿದರೆ ಎಣ್ಣೆ ಸೋರಿಹೋಗಿದೆ. ಅಂಥ ಕ್ಲಚ್ಚಿನ ಮುಖದ ಮೇಲೆ ನಡುವಿನಿಂದ ಅಂಚಿಗೆ ಗೀರುಗೀರಾಗಿ ಜಿಡ್ಡುಧೂಳು ಅಂಟಿರುವುದೂ ಕಾಣುತ್ತದೆ. ಇನ್ನೊಂದೆಡೆ, ಬೆಳಗಿನ ಮೊರೆತ ದಿನವಿಡೀ ನಿಲ್ಲದೆ ಮುಂದುವರಿದು, ಗಾಡಿ ಎಳೆಯದೆ ಡೀಸೆಲ್ ಹೆಚ್ಚು ಕುಡಿಯತೊಡಗಿದರೆ ಕ್ಲಚ್ ಹಿಡಿದುಕೊಂಡಿದೆ ಎಂದರ್ಥ. ಈ ಎರಡರಲ್ಲಿ ಒಂದು ಕಂಡರೆ ಮಾತ್ರ ಬದಲಿಸಿ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಇದೆಯೇ ಎಂದೂ ನೋಡಿ. ಬಿಚ್ಚಿದವರು ಮರಳಿ ಹಾಕದೆ ಬಿಡುವುದನ್ನು ಕಂಡಿದ್ದೇನೆ.

ಎಸಿ ಹಾಕಿದಾಗ ಮುಂದೆ ಸಣ್ಣ ವಿದ್ಯುತ್ ಫ್ಯಾನು ಹತ್ತಿ ಆರಿದರೆ ಚಿಂತೆ ಬೇಡ, ಅದು ಕಂಡೆನ್ಸರಿನದು. ನಮ್ಮ ಕರಾವಳಿಯ ತೇವದ ಗಾಳಿಯಿಂದ ನೀರು ಹಿಂಡಲು ಎಸಿ ಹೆಚ್ಚು ದುಡಿಯಬೇಕು, ಆ ಬಿಸಿಯೆಲ್ಲ ಹಿಂದಿನ ರೇಡಿಯೇಟರಿಗೇ ಬಡಿಯುತ್ತದೆ. ಕಡಿದಾದ ತಿರುವುಗಳಲ್ಲಿ ಎಸಿ ಆರಿಸಿ.

ಕೂಲೆಂಟನ್ನು ಅರ್ಧಕ್ಕರ್ಧ ನೀರು ಬೆರೆಸಿ ಹಾಕಿ. ಬಿಸಿಯಿರುವಾಗ ಮುಚ್ಚಳ ಮುಟ್ಟಲೇಬೇಡಿ: ಸುಮಾರು 1 ಬಾರ್ ಒತ್ತಡದಲ್ಲಿ ಒಳಗಿನ ನೀರು 100 ಡಿಗ್ರಿ ಮೀರಿಯೂ ಕುದಿಯದೆ ಕಾದಿರುತ್ತದೆ, ತೆರೆದ ಕ್ಷಣದಲ್ಲಿ ಮುಖಕ್ಕೆ ಉಕ್ಕುತ್ತದೆ.

ಆಯುಧಪೂಜೆಯಂದು ಗಾಡಿಯ ಮುಂದೆ ಕಟ್ಟುವ ಬಾಳೆಗಿಡ, ಗೊಂಡೆಹೂವಿನ ಮಾಲೆಗಳನ್ನು ಘಾಟಿಗೆ ಹೊರಡುವ ಮುನ್ನ ಬಿಚ್ಚಿಡಿ. ಗ್ರಿಲ್ ಮುಂದೆ ಸ್ಟೆಪ್ನಿ ಕಟ್ಟುವ ಯೋಚನೆ ಇದ್ದರೆ ಅದನ್ನು ಹಿಂಬಾಗಿಲಿಗೆ ಸಾಗಿಸಿ. ಸಂದಿನೊಳಗೆ ಏನು ಕಂಡಿತು ಎಂದು ಇಲ್ಲಿ ಬರೆಯಿರಿ, ನೋಡಿ ಮುಂದಿನದನ್ನು ಹೇಳುತ್ತೇನೆ.