ತೋಟದ ಮಾತು ಆಮೇಲೆ, ಮೊದಲು ಪಿಯಾನೊ ಒಣಗಲಿ

ಮಡಿಕೇರಿ ಸಮೀಪದ ಓದುಗಿಯ ಪತ್ರದ ಸಾರ ಇಷ್ಟು: ವಯಸ್ಸು 20. ಲಂಡನ್ನಿನ ಟ್ರಿನಿಟಿ ಸಂಸ್ಥೆ ನಡೆಸುವ ಪಿಯಾನೊ ಪರೀಕ್ಷೆಯ ಎಂಟನೇ ಗ್ರೇಡ್ ಡಿಸ್ಟಿಂಕ್ಷನ್‌ನಲ್ಲಿ ಮುಗಿದಿದೆ. ವಿಯೆನ್ನಾದಲ್ಲಿ ಕಲಿತು ಪಿಯಾನೊ ಕಛೇರಿ ಕೊಡುವ ಆಸೆ. ಅಪ್ಪ ಎರಡು ಎಕರೆ ಕಾಫಿ ತೋಟ ಮಾರಲು ಸಿದ್ಧ, ಅಮ್ಮನಿಗೆ ಬಿ.ಕಾಂ. ಮುಗಿಯಲೇಬೇಕು. ಯಾರ ಮಾತು ಕೇಳಲಿ?

ಸದ್ಯಕ್ಕೆ ಇಬ್ಬರದೂ ಬೇಡ ತಂಗಿ. ಕೊನೆಯಲ್ಲಿ ನೀವು ಹೀಗೇ ಬರೆದು ಬಿಟ್ಟ ಸಾಲು ನೋಡಿ: 'ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೀಲಿ ಹಿಡಿದುಕೊಳ್ಳುತ್ತದೆ, ಆಗ ಚಿಕ್ಕ ಕೀಬೋರ್ಡಿನಲ್ಲಿ ನುಡಿಸುತ್ತೇನೆ. ಚಿಕ್ಕಪ್ಪ ಎಣ್ಣೆ ಬಿಟ್ಟರೂ ಸರಿಹೋಗಲಿಲ್ಲ.' ವರ್ಷದಲ್ಲಿ ನಾಲ್ಕು ತಿಂಗಳು ಭಾರವಿಲ್ಲದ 61 ಕೀಲಿಗಳ ಮೇಲೆ ಬೆರಳಾಡಿಸಿದರೆ ಕೈಯ ತೂಕವೂ ಹೋಗುತ್ತದೆ, ಪೆಡಲ್ ಹಿಡಿತವೂ ಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ನೀವು ಮುಂದೆ ಹೋಗುತ್ತಿಲ್ಲ, ಕಳೆದದ್ದನ್ನು ಕೂಡಿಸಿಕೊಳ್ಳುತ್ತಿದ್ದೀರಿ.

ಅಪ್ಪ ಅಮ್ಮನ ಮೇಲೆ ನನಗೆ ಬೇಸರವಿಲ್ಲ, ಚಿಕ್ಕಪ್ಪನ ಮೇಲಿದೆ. ಪ್ರತಿ ಕೀಲಿಯೂ ಲೋಹದ ಪಿನ್ನುಗಳ ಮೇಲೆ ಆಡುತ್ತದೆ, ಪಿನ್ನಿನ ಸುತ್ತ ತೆಳು ಉಣ್ಣೆಬಟ್ಟೆ ಇರುತ್ತದೆ. ಕೊಡಗಿನ ತೇವಕ್ಕೆ ಆ ಬಟ್ಟೆಯೂ ಮರವೂ ಉಬ್ಬುತ್ತವೆ. ಅಲ್ಲಿಗೆ ಎಣ್ಣೆ ಬಿಟ್ಟರೆ ಬಟ್ಟೆ ಅದನ್ನು ಕುಡಿದು ಧೂಳು ಹಿಡಿದು ಅಂಟಾಗುತ್ತದೆ. ಕೊನೆಗೆ ಬಟ್ಟೆಯನ್ನೇ ಬದಲಿಸಬೇಕು. ಕೀಲಿ ಮೇಲೆ ಬಂದೂ ತಂತಿಗೆ ಹೊಡೆಯುವ ಪುಟ್ಟ ಸುತ್ತಿಗೆ ತಂತಿಯ ಬಳಿಯೇ ನಿಂತರೆ ತೊಂದರೆ ಆ ಸುತ್ತಿಗೆ ತಿರುಗುವ ಸಂದಿನಲ್ಲಿದೆ. ಎರಡೂ ಟ್ಯೂನರ್ ಕೆಲಸ, ಮನೆಮದ್ದಿನದಲ್ಲ.

ಪಿಯಾನೊವನ್ನು ಮಳೆ ಹೊಡೆಯುವ ಹೊರಗೋಡೆಯಿಂದ ಒಳಗೋಡೆಗೆ ಸರಿಸಿ, ನಡುವೆ ಗೇಣು ಜಾಗ ಬಿಡಿ. ತೇವ ಅಳೆಯುವ ಮೀಟರ್ ಒಂದನ್ನು ತಂದಿಡಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸಿ ತೇವವನ್ನು ಶೇ. 45ರಿಂದ 60ರೊಳಗೆ ನಿಲ್ಲಿಸಿ. ಅದರ ತೊಟ್ಟಿಯಲ್ಲಿ ಲೀಟರುಗಟ್ಟಲೆ ನೀರು ಕಂಡರೆ ಗಾಬರಿ ಬೇಡ. ಕರೆಂಟು ಹೋಗುವುದು ಹೇಗೂ ಇದ್ದದ್ದೇ, ಆಗ ಪಿಯಾನೊದ ಕೆಳಗಿನ ಹಲಗೆ ತೆಗೆದು ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನಿಡಿ, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಬಳಸಿ. ಒಳಗೆ ಬಲ್ಬು ಉರಿಸಿಡುವವರೂ ಇದ್ದಾರೆ; ಅದು ಒಂದೇ ಕಡೆ ಮರವನ್ನು ಒಣಗಿಸಿ ಬಿರುಕು ತರುತ್ತದೆ. ಟ್ಯೂನಿಂಗ್ ವರ್ಷಕ್ಕೆ ಎರಡು ಸಲ: ಮಳೆ ಹಿಡಿದು ತಿಂಗಳಾದ ಮೇಲೊಮ್ಮೆ, ಹವೆ ಒಣಗಿದ ಮೇಲೊಮ್ಮೆ. ತಂತಿಗಳ ನಾದವನ್ನು ಹೆಚ್ಚಿಸುವ ಮರದ ಹಲಗೆ ತೇವಕ್ಕೆ ಉಬ್ಬಿದರೆ ಸ್ವರ ಏರುತ್ತದೆ, ಒಣಗಿದರೆ ಇಳಿಯುತ್ತದೆ. ಹಲವು ವರ್ಷ ಬಿಟ್ಟ ಪಿಯಾನೊ ಪ್ರಮಾಣ ಶ್ರುತಿಯಾದ 440 ಹರ್ಟ್ಸ್‌ಗೆ ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಎರಡು ಸುತ್ತು ಬೇಕು.

ಗ್ರೇಡ್ ಪರೀಕ್ಷೆ ವೃತ್ತಿಯ ಅಳತೆಯಲ್ಲ ಎಂದು ಈ ಅಂಕಣದಲ್ಲಿ ಹೇಳಿ ಹೇಳಿ ಸಾಕಾಗಿದೆ. ಎಂಟನೇ ಗ್ರೇಡ್‌ಗೆ ಮೂರು ಕೃತಿ ಸಾಕು. ಕಛೇರಿ ಎಂದರೆ ಒಂದು ಗಂಟೆಗೂ ಮೀರಿ, ಪುಸ್ತಕ ನೋಡದೆ. ವಿದೇಶದ ಪ್ರವೇಶ ಪರೀಕ್ಷೆಗಳು ಸಾಮಾನ್ಯವಾಗಿ ಬಾಖ್‌ನ ಪ್ರಿಲ್ಯೂಡ್ ಮತ್ತು ಫ್ಯೂಗ್ (ಒಂದು ಪೀಠಿಕೆ, ಒಂದೇ ಎಳೆ ಹಲವು ಧ್ವನಿಗಳಲ್ಲಿ ಹೆಣೆದ ಕೃತಿ), ಹೈಡನ್, ಮೊಟ್ಸಾರ್ಟ್ ಅಥವಾ ಬೇಥೋವನ್‌ನ ಸೊನಾಟಾ (ಹಲವು ಭಾಗಗಳ ದೊಡ್ಡ ಕೃತಿ), ಶೋಪಾನ್ ತರಹದವರ ಎಟ್ಯೂಡ್ (ಕೈಚಳಕ ಪರೀಕ್ಷಿಸುವ ಕೃತಿ) ಕೇಳುತ್ತವೆ. ಅಲ್ಲಿ ಓದಿ ಬಂದವರಲ್ಲೂ ಹೆಚ್ಚಿನವರಿಗೆ ಅನ್ನ ಕೊಡುವುದು ಪಾಠ ಮತ್ತು ಗಾಯಕರ ಪಕ್ಕವಾದ್ಯ. ವಾರ್ಸಾದ ಶೋಪಾನ್ ಪಿಯಾನೊ ಸ್ಪರ್ಧೆ ಐದು ವರ್ಷಕ್ಕೊಮ್ಮೆ ಬರುತ್ತದೆ, 2025ರದ್ದು ಮುಗಿದಿದೆ. ಅದರ ಕನಸಿಗೆ ತೋಟ ಅಡ ಇಡುವಂಥದ್ದಲ್ಲ.

ಮಾಡಬೇಕಾದ್ದು ಒಂದೇ: ಬರುವ ಮಳೆಗಾಲ ಪೂರ್ತಿ ಅದೇ ಪಿಯಾನೊದಲ್ಲಿ ನುಡಿಸಿ, ಮೇಲೆ ಹೇಳಿದ ಮೂರೂ ಬಗೆಯ ಕೃತಿಗಳನ್ನು ಸೆಪ್ಟೆಂಬರ್‌ನಲ್ಲಿ ನಡುವೆ ಕತ್ತರಿಸದೆ ರೆಕಾರ್ಡ್ ಮಾಡಿ, ನಿಮಗೆ ಪಾಠ ಹೇಳದ ಇಬ್ಬರು ಶಿಕ್ಷಕರಿಗೆ ಕಳಿಸಿ. ಅವರ ಉತ್ತರ ಬರುವವರೆಗೆ ತೋಟದ ಪಹಣಿ ಬೀರುವಿನಲ್ಲೇ ಇರಲಿ, ಬಿ.ಕಾಂ. ತರಗತಿಗೂ ಹೋಗುತ್ತಿರಿ. ಎಣ್ಣೆ ಡಬ್ಬಿ ಚಿಕ್ಕಪ್ಪನ ಕೈಗೆ ಸಿಗದಂತೆ ಇಡಿ.